ರೆಂಬೆಯಲ್ಲೇ ಬೇರು: ಹೂಮರಗಳಿಗೆ ಗೂಟಿ

ಮಿರಗದ ಮಳೆ ಬಿದ್ದು ನೆಲದ ಕಾವು ಇಳಿದರೆ ಗೂಟಿ ಕಟ್ಟುವ ಕಾಲ ಬಂತೆಂದೇ ಲೆಕ್ಕ. ಹೂಗಿಡದ ಒಂದು ರೆಂಬೆಯ ನಡುವೆ ಬೆರಳಗಲ ತೊಗಟೆ ಸುಲಿದು, ಒದ್ದೆ ನಾರಿನ ಮುದ್ದೆ ಮೆತ್ತಿ, ಪ್ಲಾಸ್ಟಿಕ್ ಹಾಳೆ ಸುತ್ತಿ, ಎರಡೂ ತುದಿಗೆ ಸುತಳಿ ಬಿಗಿಯುತ್ತಾರೆ. ಮೇಲಿನ ಎಲೆ ಬಾಡುವುದಿಲ್ಲ, ಹೂ ಬಿಡುವುದೂ ನಿಲ್ಲುವುದಿಲ್ಲ. ಆರೇಳು ವಾರ ಕಳೆಯುವಷ್ಟರಲ್ಲಿ ಪ್ಲಾಸ್ಟಿಕ್ಕಿನ ಒಳಮೈಗೆ ಬೇರುಗಳು ಒತ್ತಿಕೊಂಡು ಕಾಣತೊಡಗುತ್ತವೆ. ಗಂಟಿನ ಕೆಳಗೆ ಕತ್ತರಿಸಿದರೆ ಬೇರುಸಹಿತವಾದ, ಮೊಳಕಾಲೆತ್ತರದ ಗಿಡವೊಂದು ಕೈಗೆ ಬರುತ್ತದೆ.

ತುಂಗಭದ್ರೆಯ ಬಲದಂಡೆಯ ಬುಕ್ಕಸಾಗರದ ಸುತ್ತಿನ ನೆಲ ಈ ಕೆಲಸಕ್ಕೆ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಸಿಯುವಂಥದು. ಹೊಸಪೇಟೆಯಿಂದ ಕಂಪ್ಲಿಯವರೆಗಿನ ಈ ಪಟ್ಟಿಯಲ್ಲಿ ವಿಜಯನಗರದ ಅರಸರ ಕಾಲದ ಕಾಲುವೆಗಳು ಇಂದಿಗೂ ಹರಿಯುತ್ತವೆ; ಬಾಳೆ, ಕಬ್ಬು, ಭತ್ತದ ನಡುವೆ ಗಾಳಿಯಲ್ಲಿ ತೇವ ನಿಂತಿರುತ್ತದೆ. ತೋಟ ದಾಟಿ ಸ್ವಲ್ಪ ದೂರ ನಡೆದರೆ ಕಾದ ಬಂಡೆಗುಡ್ಡ. ವರ್ಷದ ಮಳೆ ಸುಮಾರು 600 ಮಿಲಿಮೀಟರ್ ಅಷ್ಟೇ, ಬೇಸಿಗೆಯ ಬಿಸಿಲು 40 ಡಿಗ್ರಿ ಮೀರುತ್ತದೆ. ಗೂಟಿ ಇಲ್ಲಿ ಗೆಲ್ಲುವುದೂ ಸೋಲುವುದೂ ತೇವದ ಮೇಲೆಯೇ.

ಬೀಜ ಕೈಕೊಡುವ ಕಡೆ

ಬೀಜ ಬಿತ್ತಿದರೆ ಮರವಾಗುತ್ತದೆ. ಮತ್ತೇಕೆ ಇಷ್ಟು ಉಪದ್ವ್ಯಾಪ? ಬೇವು, ಹುಣಸೆ, ಹೊಂಗೆಯ ಮಟ್ಟಿಗೆ ಈ ಪ್ರಶ್ನೆ ಸರಿ. ಅಲಂಕಾರದ ಮರಗಳ ಮಾತು ಬೇರೆ. ಅವುಗಳಲ್ಲಿ ಬೆಲೆಯಿರುವುದು ಹೂವಿನ ಬಣ್ಣಕ್ಕೆ, ಎಸಳಿನ ಸುತ್ತಿಗೆ, ಎಲೆಯ ಮಚ್ಚೆಗೆ. ಬೀಜದಲ್ಲಿ ಎರಡು ಗಿಡಗಳ ಗುಣ ಬೆರೆಯುವುದರಿಂದ ಕಡುಗೆಂಪು ಹೂವಿನ ಮರದ ಸಸಿ ಮಾಸಲು ಗುಲಾಬಿ ಬಣ್ಣ ತೋರಿಸಬಹುದು. ಅದೂ ಗೊತ್ತಾಗುವುದು ಐದಾರು ವರ್ಷ ನೀರೆರೆದ ಮೇಲೆ!

ಕೆಲವು ಮರಗಳು ಬೀಜವನ್ನೇ ಕಟ್ಟುವುದಿಲ್ಲ. ನಗರಗಳ ಉದ್ಯಾನಗಳಲ್ಲಿ ನೇರಳೆಗೆಂಪು ಹೂಗಳಿಂದ ಕಣ್ಸೆಳೆಯುವ ಬೌಹೀನಿಯಾ ಬ್ಲೇಕಿಯಾನಾ ಇದಕ್ಕೆ ಒಳ್ಳೆಯ ಉದಾಹರಣೆ. ನಮ್ಮ ಬಸವನಪಾದ ಮತ್ತು ಮಂದಾರದ ನಡುವೆ ತಾನಾಗಿ ಹುಟ್ಟಿದ ಮಿಶ್ರತಳಿ ಇದು. 1880ರ ಸುಮಾರಿಗೆ ಹಾಂಗ್‌ಕಾಂಗ್‌ನ ಕಡಲತೀರದಲ್ಲಿ, ಪಾಳುಬಿದ್ದ ಮನೆಯೊಂದರ ಹತ್ತಿರ, ಫ್ರೆಂಚ್ ಪಾದ್ರಿಯೊಬ್ಬರ ಕಣ್ಣಿಗೆ ಬಿತ್ತು. 1908ರಲ್ಲಿ ಸಸ್ಯಶಾಸ್ತ್ರದ ಹೆಸರು ಪಡೆಯಿತು. ಬಂಜೆ ತಳಿಯಾದ್ದರಿಂದ ಇಂದು ಜಗತ್ತಿನಲ್ಲಿರುವ ಬ್ಲೇಕಿಯಾನಾ ಮರಗಳೆಲ್ಲ ಗೂಟಿ, ಕಡ್ಡಿ, ಕಸಿಗಳ ಮೂಲಕವೇ ಹರಡಿದವು. ಎಲ್ಲವೂ ಒಂದೇ ಮರದ ಮುಂದುವರಿಕೆ. 1997ರಿಂದ ಹಾಂಗ್‌ಕಾಂಗ್‌ನ ಬಾವುಟದ ಮೇಲಿರುವುದೂ ಇದೇ ಹೂವು.

ಇಷ್ಟು ದೂರ ಹೋಗಬೇಕೆಂದಿಲ್ಲ. ಕಾಯಿ ಕಟ್ಟದೆ ಸುತ್ತುಸುತ್ತಿನ ಕೆಂಪು ಹೂವಷ್ಟೇ ಬಿಡುವ ಹೂದಾಳಿಂಬೆಯೂ ಈ ಗುಂಪಿನದೇ. ಮನೆಯ ಗೇಟಿನ ಮೇಲೆ ಹಬ್ಬಿಸುವ ಕಾಗದದ ಹೂವಿನ, ಅಂದರೆ ಬೋಗನ್‌ವಿಲ್ಲಾದ, ತೋಟದ ತಳಿಗಳಲ್ಲಿಯೂ ಬೀಜ ಅಪರೂಪ.

ತೊಗಟೆಯೊಳಗಿನ ಸಂಚಾರ

ಗೂಟಿ ಕೆಲಸ ಮಾಡುವ ಬಗೆ ತಿಳಿಯಲು ರೆಂಬೆಯೊಳಗಿನ ಎರಡು ದಾರಿಗಳನ್ನು ಗುರುತಿಸಿಕೊಳ್ಳಬೇಕು. ಬೇರಿನಿಂದ ನೀರು, ಲವಣ ಮೇಲೇರುವುದು ಒಳಗಿನ ಕಟ್ಟಿಗೆಯ ಮೂಲಕ. ಎಲೆಯಲ್ಲಿ ತಯಾರಾದ ಸಕ್ಕರೆ ಕೆಳಗಿಳಿಯುವುದು ತೊಗಟೆಯ ಒಳಪದರದ ಮೂಲಕ. ಚಿಗುರಿನ ತುದಿಯಲ್ಲಿ ಹುಟ್ಟಿ ಬೇರು ಬಿಡಲು ಪ್ರಚೋದಿಸುವ ಆಕ್ಸಿನ್ ಎಂಬ ರಸವೂ ಕೆಳಮುಖವಾಗಿಯೇ ಸಾಗುತ್ತದೆ.

ತೊಗಟೆಯನ್ನು ಉಂಗುರದಂತೆ ಸುಲಿದಾಗ ಮೇಲೇರುವ ನೀರಿಗೆ ಅಡ್ಡಿಯಿಲ್ಲ. ಆದ್ದರಿಂದಲೇ ಎಲೆ ಬಾಡುವುದಿಲ್ಲ. ಕೆಳಗಿಳಿಯುವ ಸಕ್ಕರೆ, ಆಕ್ಸಿನ್ ಮಾತ್ರ ಗಾಯದ ಮೇಲಂಚಿಗೆ ಬಂದು ತಡೆದು ನಿಲ್ಲುತ್ತವೆ. ತುಂಗಭದ್ರೆಗೆ ಅಡ್ಡಲಾಗಿ ಕಟ್ಟಿದ ಹಳೆಯ ಅಣೆಕಟ್ಟೆಗಳ ಹಿಂದೆ ನೀರು ತುಂಬಿ ಕಾಲುವೆಗೆ ತಿರುಗುವಂತೆ, ಇಲ್ಲಿಯೂ ಕೂಡಿಬಿದ್ದ ಆಹಾರ ಹೊಸ ದಾರಿ ಹುಡುಕುತ್ತದೆ. ಮೇಲಂಚು ಮೊದಲು ಬೆಳ್ಳಗೆ ಉಬ್ಬುತ್ತದೆ. ಅದರ ಆಸುಪಾಸಿನಿಂದಲೇ ಬೇರು ಮೂಡುತ್ತದೆ. ಕೆಳಗಿನ ಅಂಚಿನಲ್ಲಿ ಬೇರು ಬರುವುದಿಲ್ಲ. ಕಟ್ಟುವವರು ಮುದ್ದೆಯನ್ನು ಮೇಲಂಚಿನ ಮೇಲೆ ಸ್ವಲ್ಪ ಹೆಚ್ಚೇ ಮೆತ್ತುವುದು ಈ ಕಾರಣಕ್ಕೆ.

ತೊಗಟೆ ಸುಲಿದರೆ ಮೇಲಂಚು ಉಬ್ಬುವುದನ್ನು 17ನೇ ಶತಮಾನದಲ್ಲೇ ಇಟಲಿಯ ಮಾರ್ಚೆಲ್ಲೊ ಮಾಲ್ಪೀಗಿ ಗಮನಿಸಿ, ಆಹಾರ ಕೆಳಗಿಳಿಯುವ ದಾರಿ ತೊಗಟೆಯೇ ಎಂದು ಊಹಿಸಿದ್ದ. ಆಕ್ಸಿನ್‌ನ ಪಾತ್ರ ಸ್ಪಷ್ಟವಾಗಿದ್ದು 1930ರ ದಶಕದಲ್ಲಿ. ಇಂದು ಗೊಬ್ಬರದ ಅಂಗಡಿಗಳಲ್ಲಿ ಸಿಗುವ ಬೇರು ಬರಿಸುವ ಪುಡಿಯಲ್ಲಿರುವುದು ಆಗ ಕಂಡುಕೊಂಡ ಐಬಿಎ, ಎನ್‌ಎಎ ಎಂಬ ಆಕ್ಸಿನ್‌ಗಳೇ.

ಬೇರು ಹುಟ್ಟಲು ಇನ್ನೂ ಮೂರು ಬೇಕು: ಕತ್ತಲೆ, ತೇವ, ಗಾಳಿಯಾಟ. ಮುದ್ದೆ ಈ ಮೂರನ್ನೂ ಒದಗಿಸಬೇಕು. ಬರಿಯ ಜೇಡಿಮಣ್ಣು ತೇವ ಹಿಡಿದರೂ ಗಾಳಿಯನ್ನು ತಡೆಯುತ್ತದೆ. ಬರಿಯ ಮರಳು ಇದಕ್ಕೆ ತದ್ವಿರುದ್ಧ.

ಮಡಕೆಯಿಂದ ಪ್ಲಾಸ್ಟಿಕ್ಕಿಗೆ

ಪ್ಲಾಸ್ಟಿಕ್ ಇಲ್ಲದ ಕಾಲದಲ್ಲಿ ಗೂಟಿ ಕಟ್ಟುವುದು ತಾಳ್ಮೆಯ ಕೆಲಸವಾಗಿತ್ತು. ಜೇಡಿಮಣ್ಣು, ಸೆಗಣಿ, ನಾರು ಕಲಸಿ ಮೆತ್ತಿ ಗೋಣಿತಟ್ಟು ಸುತ್ತುತ್ತಿದ್ದರು. ಅದರ ಮೇಲ್ಗಡೆ ತಳದಲ್ಲಿ ಸಣ್ಣ ತೂತಿರುವ ಮಡಕೆ ತೂಗುಹಾಕಿ, ತೂತಿಗೆ ಬತ್ತಿ ಪೋಣಿಸಿ, ಹನಿಹನಿಯಾಗಿ ನೀರು ಇಳಿಯುವಂತೆ ಮಾಡುತ್ತಿದ್ದರು. ಈಗ ಹೊಲಗಳಲ್ಲಿ ಹನಿ ನೀರಾವರಿಗೆ ಸಹಾಯಧನ ಪಡೆಯುವವರಿಗೆ ಈ ಹಳೆಯ ಏರ್ಪಾಟು ಚಿಕ್ಕದಾಗಿ ಕಂಡೀತು, ತತ್ತ್ವ ಮಾತ್ರ ಒಂದೇ. 19ನೇ ಶತಮಾನದಲ್ಲಿ ಭಾರತದ ತೋಟಗಳ ಬಗ್ಗೆ ಕೈಪಿಡಿ ಬರೆದ ಇಂಗ್ಲಿಷರೂ ಈ ವಿಧಾನವನ್ನು ಗೂಟಿ ಎಂಬ ದೇಸಿ ಹೆಸರಿನಲ್ಲೇ ದಾಖಲಿಸಿದ್ದಾರೆ.

ಬದಲಾವಣೆ ಬಂದದ್ದು ಅಮೆರಿಕದ ಫ್ಲಾರಿಡಾದಿಂದ. ಲಿಚಿ ಬೆಳೆಗಾರ ಕರ್ನಲ್ ವಿಲಿಯಂ ಗ್ರೋವ್ ಗೂಟಿಯನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತುವ ಕ್ರಮವನ್ನು 1947ರಲ್ಲಿ ಪ್ರಕಟಿಸಿದರು. ತೆಳುವಾದ ಪಾಲಿಥೀನ್ ನೀರಾವಿಯನ್ನು ಒಳಗೇ ಹಿಡಿದಿಡುತ್ತದೆ, ಗಾಳಿಯನ್ನು ಮಾತ್ರ ಸ್ವಲ್ಪ ಸ್ವಲ್ಪವೇ ಒಳಗೆ ಬಿಡುತ್ತದೆ. ದಿನವೂ ನೀರು ಹಾಕುವ ಕೆಲಸ ತಪ್ಪಿತು. ಒಬ್ಬನೇ ಆಳು ನೂರಾರು ರೆಂಬೆಗೆ ಕಟ್ಟುವುದು ಸಾಧ್ಯವಾದದ್ದು ಆಮೇಲೆ. ಮಡಕೆ ತೂಗುವ ಕಾಲದಲ್ಲಿ ನರ್ಸರಿಯ ವ್ಯಾಪಾರ ಇಂದಿನ ಮಟ್ಟಕ್ಕೆ ಬೆಳೆಯುವುದು ಅಸಾಧ್ಯವೇ ಇತ್ತು.

ಕಟ್ಟುವ ಬಗೆ

ರೆಂಬೆಯ ಆಯ್ಕೆಯಲ್ಲೇ ಅರ್ಧ ಕೆಲಸ ಮುಗಿಯುತ್ತದೆ. ಹಿಂದಿನ ವರ್ಷ ಚಿಗುರಿ, ಹಸಿರು ಹೋಗಿ ಕಂದುಬಣ್ಣಕ್ಕೆ ತಿರುಗುತ್ತಿರುವ, ಪೆನ್ಸಿಲ್ಲಿಗಿಂತ ದಪ್ಪ, ಹೆಬ್ಬೆರಳಿಗಿಂತ ತೆಳ್ಳಗಿನ ರೆಂಬೆ ಬೇಕು. ತೀರಾ ಎಳೆಯದು ಕೊಳೆಯುತ್ತದೆ, ತೀರಾ ಬಲಿತದ್ದು ಬೇರು ಬಿಡಲು ಮೊಂಡುತನ ತೋರುತ್ತದೆ. ಬಿಸಿಲು ಕಾಣುವ, ನೆಟ್ಟಗೆ ಬೆಳೆದ, ರೋಗದ ಚುಕ್ಕೆಯಿಲ್ಲದ ರೆಂಬೆಯಾದರೆ ಮುಂದೆ ಗಿಡದ ಆಕಾರವೂ ಚೆನ್ನಾಗಿರುತ್ತದೆ. ಅಡ್ಡಡ್ಡ ಚಾಚಿದ ರೆಂಬೆಯ ಗಿಡ ನೆಟ್ಟ ಮೇಲೂ ಬಹುಕಾಲ ವಾಲಿಕೊಂಡೇ ಬೆಳೆಯುವುದುಂಟು.

ತುದಿಯಿಂದ ಒಂದೂವರೆ–ಎರಡು ಅಡಿ ಕೆಳಗೆ, ಎಲೆ ಹುಟ್ಟುವ ಗಿಣ್ಣಿನ ಸ್ವಲ್ಪ ಕೆಳಭಾಗದಲ್ಲಿ ಜಾಗ ಗುರುತಿಸಿ, ಗೇಣುದ್ದದ ಎಲೆ ತೆಗೆದು ಸ್ವಚ್ಛ ಮಾಡಬೇಕು. ಹರಿತ ಚಾಕುವಿನಿಂದ ಸುತ್ತಲೂ ಒಂದು ಗೆರೆ, ಎರಡೂವರೆ ಸೆಂಟಿಮೀಟರ್ ಕೆಳಗೆ ಇನ್ನೊಂದು ಗೆರೆ, ಎರಡನ್ನೂ ಕೂಡಿಸುವ ಒಂದು ಉದ್ದ ಸೀಳು. ಮಳೆಗಾಲದಲ್ಲಿ ರಸ ಓಡಾಡುವ ರೆಂಬೆಯಾದರೆ ಉಗುರಿನಲ್ಲಿ ಎಬ್ಬಿದರೂ ತೊಗಟೆ ಒಂದೇ ಪಟ್ಟಿಯಾಗಿ ಕಳಚಿ ಬರುತ್ತದೆ. ಬಾರದೆ ಚೂರುಚೂರಾದರೆ ಮರ ಇನ್ನೂ ಸಿದ್ಧವಿಲ್ಲ. ಒಂದು ಮಳೆ ಕಾಯುವುದು ಮೇಲು.

ಇಲ್ಲೊಂದು ಹೆಜ್ಜೆಯನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ತೊಗಟೆ ಹೋದ ಕಟ್ಟಿಗೆಯ ಮೈ ಮುಟ್ಟಿದರೆ ಜಾರುತ್ತದೆ. ಆ ಲೋಳೆಯ ಪದರದಲ್ಲಿಯೇ ಹೊಸ ತೊಗಟೆ ಹುಟ್ಟಿಸುವ ಜೀವಕೋಶಗಳಿವೆ. ಚಾಕುವಿನ ಬೆನ್ನಿನಿಂದ ಅದನ್ನು ಕೆರೆದು, ಬಟ್ಟೆಯಿಂದ ಒರೆಸಿ, ಕಟ್ಟಿಗೆ ಒಣಗಿದಂತೆ ಕಾಣುವವರೆಗೆ ತೆಗೆಯಬೇಕು. ಉಳಿದರೆ ಹದಿನೈದು ದಿನದಲ್ಲಿ ಮೇಲಿನ ಮತ್ತು ಕೆಳಗಿನ ತೊಗಟೆಗಳು ಕೂಡಿಕೊಂಡು ಗಾಯ ಮಾಯುತ್ತದೆ. ಗಿಡಕ್ಕೆ ಅದು ಒಳ್ಳೆಯದೇ. ಗೂಟಿ ಕಟ್ಟಿದವನಿಗೆ ಬರಿಗೈ.

ಬೇರು ಬರಿಸುವ ಪುಡಿಯನ್ನು ಮೇಲಂಚಿಗೆ ಮಾತ್ರ ಸವರಿದರೆ ಸಾಕು. ಬೋಗನ್‌ವಿಲ್ಲಾದಂಥ ಗಟ್ಟಿ ಜಾತಿಗೆ ಪುಡಿಯಿದ್ದರೆ ಬೇರಿನ ಸಂಖ್ಯೆ ಹೆಚ್ಚುತ್ತದೆ; ಕ್ರೋಟನ್, ರಬ್ಬರ್ ಗಿಡಕ್ಕೆ ಅದರ ಹಂಗೇ ಬೇಡ.

ಮುದ್ದೆಗೆ ಎಲ್ಲಕ್ಕಿಂತ ಒಳ್ಳೆಯದು ಒಣಗಿಸಿದ ಸ್ಫ್ಯಾಗ್ನಮ್ ಹಾವಸೆ. ನರ್ಸರಿಗಳಲ್ಲಿ ಮಾಸ್ ಎಂದು ಕೇಳಿದರೆ ಕೊಡುತ್ತಾರೆ. ಅದು ಸಿಗದಿದ್ದರೆ ತೆಂಗಿನ ನಾರಿನ ಪುಡಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸ್ವಲ್ಪ ಬೆರೆಸಿದರೂ ನಡೆಯುತ್ತದೆ. ಒಂದು ರಾತ್ರಿ ನೆನೆಹಾಕಿ, ಮುಷ್ಟಿಯಲ್ಲಿ ಹಿಂಡಿದಾಗ ನೀರು ತೊಟ್ಟಿಕ್ಕದಷ್ಟು ಹಿಂಡಿ, ಕಿತ್ತಳೆ ಹಣ್ಣಿನ ಗಾತ್ರಕ್ಕೆ ಗಾಯದ ಸುತ್ತ ಮೆತ್ತಬೇಕು. ಮೇಲೆ 200 ಗೇಜಿನ ಪಾರದರ್ಶಕ ಪ್ಲಾಸ್ಟಿಕ್ ಎರಡು ಸುತ್ತು. ಗಂಟು ಎಷ್ಟು ಬಿಗಿಯಿರಬೇಕೆಂದರೆ ಮುದ್ದೆಯನ್ನು ಹಿಡಿದು ತಿರುಗಿಸಿದರೆ ಅದು ರೆಂಬೆಯ ಮೇಲೆ ತಿರುಗಬಾರದು. ಮುದ್ದೆ ಅಲುಗಿದರೆ ಎಳೆಬೇರು ಮೂಡುತ್ತಲೇ ತುಂಡಾಗುತ್ತದೆ.

ಬೇಸಿಗೆಯ ಬಿಸಿಲು ಇನ್ನೂ ಉಳಿದಿರುವ ದಿನಗಳಾದರೆ ಪ್ಲಾಸ್ಟಿಕ್ಕಿನ ಮೇಲೊಂದು ಗೋಣಿತಟ್ಟು ಸುತ್ತುವುದು ಒಳ್ಳೆಯದು. ಬಂಡೆಗಳ ಮಗ್ಗುಲಲ್ಲಿರುವ ಗಿಡಗಳಿಗೆ ಇದು ಕಡ್ಡಾಯವೆನ್ನಬೇಕು. ಬಂಡೆ ಹಗಲು ಹೀರಿದ ಕಾವನ್ನು ರಾತ್ರಿಯೂ ಬಿಡುತ್ತಿರುತ್ತದೆ, ಮುದ್ದೆ ಬೇಯುತ್ತದೆ.

ಕಾಲ ಜೂನ್‌ನ ಮಿರಗದಿಂದ ಆಗಸ್ಟ್ ನಡುವಿನ ಆಶ್ಲೇಷ ಮಳೆಯವರೆಗೆ. ನೀರಾವರಿಯ ತೋಟದಲ್ಲಿ ಬೇರೆ ತಿಂಗಳಲ್ಲಿ ಕಟ್ಟಿದರೂ ಬರುತ್ತದೆ, ಗೆಲ್ಲುವ ಪ್ರಮಾಣ ಇಳಿಯುತ್ತದೆ.

ಯಾವುದಕ್ಕೆ ಹೊಂದೀತು

ರಬ್ಬರ್ ಗಿಡ, ಕ್ರೋಟನ್, ದಾಸವಾಳ, ಹೂದಾಳಿಂಬೆ, ಬೋಗನ್‌ವಿಲ್ಲಾ, ಹೊಳೆದಾಸವಾಳ, ಬ್ಲೇಕಿಯಾನಾ, ಕೆಂಪು ಗೊಂಚಲಿನ ಬ್ರೌನಿಯಾ ಗೂಟಿಗೆ ಒಗ್ಗುತ್ತವೆ. ಆಲದ ಬಳಗದ ಗಿಡಗಳಲ್ಲಿ ಹಾಲು ಸುರಿಯುವುದರಿಂದ ಅದು ನಿಲ್ಲುವವರೆಗೆ ಒರೆಸಿ ಆಮೇಲೆ ಮುದ್ದೆ ಮೆತ್ತಬೇಕು.

ತಾಳೆ, ತೆಂಗಿನ ಜಾತಿಯ ಅಲಂಕಾರಿಕ ಮರಗಳಲ್ಲಿ ಸುಲಿಯಲು ಇಂಥ ತೊಗಟೆಯೇ ಇಲ್ಲ; ಅಲ್ಲಿ ಗೂಟಿಯ ಪ್ರಶ್ನೆಯೇ ಏಳುವುದಿಲ್ಲ. ಸಂಪಿಗೆ ಸತಾಯಿಸುತ್ತದೆ, ಅದಕ್ಕೆ ಕಸಿಯೇ ವಾಸಿ. ದೇವಕಣಗಿಲೆಗೆ ಗೂಟಿ ಕಟ್ಟುವುದು ಶ್ರಮ ದಂಡ. ಮುರಿದ ಕೊಂಬೆಯನ್ನು ನೆರಳಲ್ಲಿ ಒಂದೆರಡು ವಾರ ಒಣಗಿಸಿ ಚುಚ್ಚಿದರೆ ಬೇರು ಬಿಡುವ ಮರವದು.

ಕೆಡುವುದೆಲ್ಲಿ

ಮೇಲಿನ ಗಂಟು ಸಡಿಲವಾದರೆ ಮಳೆನೀರು ರೆಂಬೆಗುಂಟ ಇಳಿದು ಒಳಗೆ ನಿಲ್ಲುತ್ತದೆ, ಮುದ್ದೆ ಹುಳಿತು ನಾರುತ್ತದೆ. ಕೆಳಗಿನ ಗಂಟು ಸಡಿಲವಾದರೆ ಇರುವೆ ಹೊಕ್ಕು ಮಣ್ಣು ತುಂಬುತ್ತದೆ. ಹಂಪಿಯ ಸುತ್ತ ಇನ್ನೊಂದು ಕಾಟವುಂಟು. ಮಿಂಚುವ ಪ್ಲಾಸ್ಟಿಕ್ ಗಂಟಿನಲ್ಲಿ ತಿನ್ನುವುದೇನೋ ಇದೆಯೆಂದು ಮಂಗಗಳು ಕಿತ್ತು ನೋಡದೆ ಬಿಡುವುದಿಲ್ಲ. ಗೋಣಿತಟ್ಟಿನ ಹೊದಿಕೆ ಬಿಸಿಲಿಗೂ ಆಯಿತು, ಮಂಗನ ಕಣ್ಣು ತಪ್ಪಿಸಲಿಕ್ಕೂ ಆಯಿತು.

ಬಿಚ್ಚಿ ಬಿಚ್ಚಿ ನೋಡುವ ಮನುಷ್ಯರ ಕಾಟ ಮಂಗಗಳದಕ್ಕಿಂತ ಕಡಿಮೆಯೇನಲ್ಲ. ಪಾರದರ್ಶಕ ಹಾಳೆ ಬಳಸುವುದೇ ಬಿಚ್ಚದೆ ಒಳಗಿನ ಸ್ಥಿತಿ ತಿಳಿಯಲೆಂದು.

ಕತ್ತರಿಸಿದ ಮೇಲೆ

ಮೊದಲ ಬಿಳಿ ಬೇರು ಕಂಡ ಕೂಡಲೇ ಕತ್ತರಿಸುವ ಆತುರದಿಂದ ಸತ್ತ ಗಿಡಗಳಿಗೆ ಲೆಕ್ಕವಿಲ್ಲ. ಬೇರು ಕವಲೊಡೆದು, ಬಿಳುಪು ಹೋಗಿ ಕಂದುಬಣ್ಣ ಹತ್ತುವವರೆಗೆ ಕಾಯಬೇಕು. ಕ್ರೋಟನ್‌ಗೆ ಒಂದೂವರೆ ತಿಂಗಳು ಸಾಕಾದರೆ ಗಟ್ಟಿ ಮರಗಳಿಗೆ ಮೂರು ತಿಂಗಳೂ ಹಿಡಿದೀತು. ಕತ್ತರಿಸುವುದೂ ಎರಡು ಕಂತಿನಲ್ಲಿ: ಮೊದಲು ಗಂಟಿನ ಕೆಳಗೆ ಅರ್ಧ ಕಚ್ಚು ಹಾಕಿ, ಒಂದು ವಾರ ಬಿಟ್ಟು ಪೂರ್ತಿ ಕತ್ತರಿಸಿದರೆ ಹೊಸ ಬೇರು ತಾನೇ ನೀರು ಎಳೆಯುವುದನ್ನು ರೂಢಿಸಿಕೊಳ್ಳುತ್ತದೆ.

ಇಳಿಸಿದ ಗಿಡದ ಎಲೆಗಳಲ್ಲಿ ಅರ್ಧದಷ್ಟನ್ನು ಚಿವುಟಿ ತೆಗೆಯಬೇಕು. ಪ್ಲಾಸ್ಟಿಕ್ ಬಿಚ್ಚಿ, ಮುದ್ದೆಯನ್ನು ಉದುರಿಸದೆ ಇಡಿಯಾಗಿ ಮಸಾರಿ ಮಣ್ಣು, ಮರಳು, ಗೊಬ್ಬರ ತುಂಬಿದ ಚೀಲಕ್ಕಿಳಿಸಿ, ನೆರಳಿನಲ್ಲಿ ಒಂದೂವರೆ ತಿಂಗಳು ಸಾಕಬೇಕು. ಕಂಪ್ಲಿ ಕಡೆಯ ಅಪ್ಪಟ ಎರೆಮಣ್ಣನ್ನು ಚೀಲಕ್ಕೆ ತುಂಬುವುದು ಬೇಡ. ಒದ್ದೆಯಾದರೆ ಅಂಟು, ಒಣಗಿದರೆ ಬಿರುಕು, ಎರಡೂ ಎಳೆಬೇರಿಗೆ ಆಗದು. ಮಿರಗದಲ್ಲಿ ಕಟ್ಟಿದ ಗೂಟಿ ಹೀಗೆ ಹದಗೊಂಡು ಉತ್ತರಾ, ಹಸ್ತಾ ಮಳೆಯ ಹೊತ್ತಿಗೆ ನೆಲಕ್ಕೆ ಇಳಿಯಲು ಅಣಿಯಾಗಿರುತ್ತದೆ. ಮುಂದಿನ ವರ್ಷವೇ ಹೂ ಬಿಟ್ಟರೆ ಆಶ್ಚರ್ಯವಿಲ್ಲ: ರೆಂಬೆಯ ವಯಸ್ಸು ತಾಯಿಮರದ್ದೇ, ಬೇರಷ್ಟೇ ಹೊಸದು.

ತಾಯಿಬೇರಿಲ್ಲದ ಮರ

ಬೀಜದ ಸಸಿಗೆ ನೆಟ್ಟಗೆ ಆಳಕ್ಕಿಳಿಯುವ ತಾಯಿಬೇರು ಇರುತ್ತದೆ. ಗೂಟಿ ಗಿಡಕ್ಕೆ ಅದಿಲ್ಲ. ಸುತ್ತಲೂ ಹರಡುವ ಬೇರುಗಳ ಮೇಲೆಯೇ ನಿಲ್ಲಬೇಕು. ಅಂಗಳದ ಪೊದೆಗಿಡಕ್ಕೆ, ಚಿಕ್ಕ ಮರಕ್ಕೆ ಇದರಿಂದ ತೊಂದರೆಯಿಲ್ಲ, ಕುಂಡದಲ್ಲಿ ಬೆಳೆಸುವವರಿಗೆ ಅನುಕೂಲವೇ. ಆದರೆ ಮೇ ತಿಂಗಳ ಗುಡುಗು ಮಳೆಯ ಬಿರುಗಾಳಿ ಈ ಭಾಗದ ಬಾಳೆ ತೋಟಗಳನ್ನು ಮಲಗಿಸುವ ಪರಿ ಕಂಡವರು ರಸ್ತೆಬದಿಯಲ್ಲಿ ಗೂಟಿಯ ದೊಡ್ಡ ಮರ ನೆಡುವ ಯೋಚನೆ ಮಾಡಲಾರರು. ಸಂಡೂರಿನ ಗುಡ್ಡದ ಇಳಿಜಾರಿಗಾಗಲಿ, ನೀರು ಕಾಣದ ಸಾಲುಮರಗಳಿಗಾಗಲಿ ಬೀಜದ ಸಸಿಯೇ ಸರಿ. ನೆಟ್ಟ ವರ್ಷವೇ ಹೂ ಕಾಣಬೇಕೆಂಬ ಆಸೆಗೆ ಬಿದ್ದು ಸಾಲುಮರಕ್ಕೆ ಗೂಟಿ ಗಿಡ ಕೊಳ್ಳುವುದು ಹಣ ಕೊಟ್ಟು ಅಪಾಯ ತಂದಂತೆ.

ಎರಡನೆಯ ಪರಿಣಾಮ ಇನ್ನೂ ಗಂಭೀರ. ಗೂಟಿಯಲ್ಲಿ ತಾಯಿಯ ಚೆಲುವಿನ ಜೊತೆ ತಾಯಿಯ ರೋಗವೂ ಬರುತ್ತದೆ. ಇದನ್ನು ಕೊಪ್ಪಳ, ಬಾಗಲಕೋಟೆ, ಬಳ್ಳಾರಿ ಸೀಮೆಯ ದಾಳಿಂಬೆ ಬೆಳೆಗಾರರಿಗೆ ಯಾರೂ ಹೇಳಿಕೊಡಬೇಕಿಲ್ಲ. ಕೇಸರ್ ಎಂದು ಕರೆಯುವ ಭಗ್ವಾ ತಳಿಯ ಸಸಿಗಳು ಇಲ್ಲಿ ಹರಡಿದ್ದು ಬಹುಮಟ್ಟಿಗೆ ಗೂಟಿಯಿಂದ. 2000ದ ದಶಕದಲ್ಲಿ ದುಂಡಾಣು ಅಂಗಮಾರಿ ತೋಟಗಳನ್ನು ಹಾಳುಗೆಡವಿದಾಗ, ರೋಗ ಊರಿಂದೂರಿಗೆ ಸಾಗಿದ ದಾರಿಗಳಲ್ಲಿ ಸೋಂಕಿತ ಗಿಡದಿಂದ ಇಳಿಸಿದ ಸಸಿಯೂ ಒಂದಾಗಿತ್ತು. ಆಮೇಲೆ ಅಂಗಾಂಶ ಕೃಷಿಯ ಸಸಿಗಳತ್ತ ರೈತರು ವಾಲಿದ್ದಕ್ಕೆ ಇದೂ ಕಾರಣ. ಹೂಗಿಡಗಳಲ್ಲಿ ನಷ್ಟದ ಮೊತ್ತ ಅಷ್ಟು ದೊಡ್ಡದಲ್ಲ, ನಿಯಮ ಮಾತ್ರ ಅದೇ: ಚುಕ್ಕೆ ಬಿದ್ದ, ಎಲೆ ಮುದುಡಿದ ಗಿಡದಿಂದ ಗೂಟಿ ಇಳಿಸಬಾರದು, ಒಂದು ಗಿಡಕ್ಕೂ ಇನ್ನೊಂದಕ್ಕೂ ನಡುವೆ ಚಾಕುವನ್ನು ಸ್ಪಿರಿಟ್‌ನಲ್ಲಿ ಒರೆಸಬೇಕು.

ಅಲಂಕಾರದ ಸಸಿಗಳನ್ನು ಆಂಧ್ರದ ಗೋದಾವರಿ ತೀರದ ಕಡಿಯಂ ನರ್ಸರಿಗಳಿಂದ ಲಾರಿಯಲ್ಲಿ ತರಿಸುವುದು ದಕ್ಷಿಣದ ರಾಜ್ಯಗಳಲ್ಲಿ ವಾಡಿಕೆಯಾಗಿದೆ. ಅಲ್ಲಿಯ ತೇವದಲ್ಲಿ ಬೆಳೆದ ಗಿಡ ಇಲ್ಲಿಯ ಒಣಗಾಳಿಗೆ ಒಗ್ಗಲು ಸಮಯ ಬೇಕು. ಇದೇ ನೆಲದಲ್ಲಿ ಹತ್ತಾರು ಬೇಸಿಗೆ ಕಂಡ ಮರದಿಂದ ಇಳಿಸಿದ ಗೂಟಿಗೆ ಆ ಮಟ್ಟಿಗೆ ಮೇಲುಗೈ ಇದೆ.

ಹಂಪಿಯ ಮರಗಳು

ಹೂವಿನ ಹುಚ್ಚು ಈ ಸೀಮೆಗೆ ಹೊಸದಲ್ಲ. 1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್, ಇಲ್ಲಿಯ ಜನಕ್ಕೆ ಅನ್ನದಷ್ಟೇ ಗುಲಾಬಿಯೂ ಬೇಕು ಎಂಬರ್ಥದಲ್ಲಿ ಬರೆದಿದ್ದಾನೆ. ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ನೀರು ಹಾಯುವ ತೋಟ, ತೋಪುಗಳನ್ನು ಬಣ್ಣಿಸುತ್ತಾನೆ. ಇಂದು ಹಂಪಿಯ ಚಿತ್ರಗಳಲ್ಲಿ ತಪ್ಪದೆ ಕಾಣುವ ದೇವಕಣಗಿಲೆ, ಬೋಗನ್‌ವಿಲ್ಲಾ ಎರಡೂ ಅಮೆರಿಕ ಖಂಡದ ಮೂಲದವು. ರಜಾಕ್ ಅವನ್ನು ಕಂಡಿರಲಾರ.

ವಿಜಯ ವಿಠ್ಠಲ ದೇವಸ್ಥಾನದ ಅಂಗಳದಲ್ಲಿ ನೂರೈವತ್ತು ವರ್ಷಕ್ಕೂ ಹಳೆಯದೆಂದು ಪ್ರವಾಸಿಗರಿಗೆ ತೋರಿಸುವ ದೇವಕಣಗಿಲೆಯಿದೆ. ಇಂಥ ಮರ ಗಾಳಿಗೆ ಉರುಳಿದರೆ ಅದೇ ಗುಣದ ಇನ್ನೊಂದನ್ನು ಬೀಜದಿಂದ ಪಡೆಯುವುದು ಕಷ್ಟ. ಮರ ನಿಂತಿರುವಾಗಲೇ ಅದರಿಂದ ಕಡ್ಡಿಯನ್ನೋ ಗೂಟಿಯನ್ನೋ ಇಳಿಸಿ ಬೇರೆಡೆ ಬೆಳೆಸಿಟ್ಟರೆ ತಳಿ ಉಳಿಯುತ್ತದೆ. ಹಳೆಯ ಮರದಲ್ಲಿ ಮುದಿ ಕೊಂಬೆಗಿಂತ ಬುಡದ ಕಡೆ ಒಡೆದ ಹೊಸ ಚಿಗುರಿನಲ್ಲಿ ಬೇರು ಬೇಗ ಬರುತ್ತದೆಂಬುದು ಇಲ್ಲಿ ನೆನಪಿಡಬೇಕಾದ ಅಂಶ.

ಹಾಗೆಂದು ಚಾಕು ಹಿಡಿದು ಸ್ಮಾರಕದ ಆವರಣಕ್ಕೆ ಯಾರೂ ಹೋಗಬಾರದು. ಅಲ್ಲಿಯ ಮರಗಳನ್ನು ನೋಡಿಕೊಳ್ಳಲು ಪುರಾತತ್ತ್ವ ಸರ್ವೇಕ್ಷಣ ಇಲಾಖೆಗೆ ತನ್ನದೇ ತೋಟಗಾರಿಕೆ ವಿಭಾಗವಿದೆ, ಅನುಮತಿಯಿಲ್ಲದೆ ಒಂದು ರೆಂಬೆಯನ್ನೂ ಮುಟ್ಟುವಂತಿಲ್ಲ. ಕಲಿಯುವ ಆಸೆಯುಳ್ಳವರು ತುಂಗಭದ್ರಾ ಜಲಾಶಯದ ಆಚೆದಡದ ಮುನಿರಾಬಾದಿನ ತೋಟಗಾರಿಕೆ ಕಾಲೇಜನ್ನೋ, ತಾಲ್ಲೂಕಿನ ತೋಟಗಾರಿಕೆ ಇಲಾಖೆಯ ಕಚೇರಿಯನ್ನೋ ವಿಚಾರಿಸಬಹುದು. ಮೊದಲ ಪ್ರಯೋಗಕ್ಕೆ ಮನೆಯ ಮುಂದಿನ ದಾಸವಾಳವೋ ಕ್ರೋಟನ್ನೋ ಸಾಕು. ಒಂದೇ ಗಿಡದಲ್ಲಿ ನಾಲ್ಕೈದು ರೆಂಬೆಗೆ ಕಟ್ಟಿ. ಎಲ್ಲವೂ ಬೇರು ಬಿಡುವುದಿಲ್ಲ.